ಮೊಲ ಎಲ್ಲಿಗೆ, ದೋಣಿ ಎಲ್ಲಿಗೆ?

ಮೇಜಿನ ಮೇಲೆ ಎರಡು ಪುಟ್ಟ ಡಬ್ಬಗಳು. ಒಂದರ ಮೇಲೆ ನೀಲಿ ಮೊಲದ ಚಿತ್ರ, ಇನ್ನೊಂದರ ಮೇಲೆ ಕೆಂಪು ದೋಣಿಯ ಚಿತ್ರ. ಎದುರಿಗೆ ಮೂರು ವರ್ಷದ ಮಗು. ಅದರ ಕೈಗೆ ಒಂದೊಂದಾಗಿ ಕಾರ್ಡುಗಳನ್ನು ಕೊಡುತ್ತಾರೆ. ಕೆಲವದರಲ್ಲಿ ಕೆಂಪು ಮೊಲ, ಕೆಲವದರಲ್ಲಿ ನೀಲಿ ದೋಣಿ. ‘ಈಗ ನಾವು ಬಣ್ಣದ ಆಟ ಆಡೋಣ. ನೀಲಿಯವೆಲ್ಲ ಈ ಡಬ್ಬಕ್ಕೆ, ಕೆಂಪಿನವೆಲ್ಲ ಆ ಡಬ್ಬಕ್ಕೆ’ ಎಂದು ಹೇಳಿದರೆ ಮಗು ಒಂದೂ ತಪ್ಪಿಲ್ಲದೆ ಹಾಕುತ್ತದೆ. ಐದಾರು ಕಾರ್ಡು ಮುಗಿದ ಮೇಲೆ ನಿಯಮ ಬದಲಾಗುತ್ತದೆ. ‘ಬಣ್ಣದ ಆಟ ಮುಗಿಯಿತು. ಈಗ ಆಕಾರದ ಆಟ. ಮೊಲಗಳೆಲ್ಲ ಇಲ್ಲಿಗೆ, ದೋಣಿಗಳೆಲ್ಲ ಅಲ್ಲಿಗೆ.’

ಮಗು ತಲೆಯಾಡಿಸುತ್ತದೆ. ಕೈಗೆ ಬಂದ ಕೆಂಪು ಮೊಲವನ್ನು ಮಾತ್ರ ಮತ್ತೆ ಕೆಂಪು ದೋಣಿಯ ಡಬ್ಬಕ್ಕೇ ಹಾಕುತ್ತದೆ. ಮತ್ತೊಂದು ಕಾರ್ಡು, ಮತ್ತೆ ಹಾಗೆಯೇ. ಸೋಜಿಗ ಇರುವುದು ಮುಂದಿನ ಹೆಜ್ಜೆಯಲ್ಲಿ. ‘ಆಕಾರದ ಆಟದಲ್ಲಿ ಮೊಲ ಎಲ್ಲಿಗೆ ಹೋಗಬೇಕು, ಪುಟ್ಟಾ?’ ಎಂದು ಕೇಳಿದರೆ ಮಗು ಸರಿಯಾದ ಡಬ್ಬವನ್ನೇ ಬೆರಳು ಮಾಡಿ ತೋರಿಸುತ್ತದೆ. ‘ಹಾಗಾದರೆ ಇದನ್ನು ಹಾಕು’ ಎಂದು ಮೊಲದ ಕಾರ್ಡನ್ನು ಕೊಟ್ಟರೆ ತಪ್ಪು ಡಬ್ಬಕ್ಕೇ ಹಾಕುತ್ತದೆ!

ಇದು ಹಟವಲ್ಲ, ದಡ್ಡತನವೂ ಅಲ್ಲ. ಕೆನಡಾದ ಮನೋವಿಜ್ಞಾನಿ ಫಿಲಿಪ್ ಡೇವಿಡ್ ಝೆಲಾಜೊ, ಡಗ್ಲಸ್ ಫ್ರೈ ಮತ್ತು ಸಂಗಡಿಗರು 1990ರ ದಶಕದ ನಡುವಿನಲ್ಲಿ ರೂಪಿಸಿದ ಈ ಕಾರ್ಡಿನ ಪರೀಕ್ಷೆಯನ್ನು ಇಂದು ಪ್ರಪಂಚದ ಅನೇಕ ಕಡೆ ಬಳಸುತ್ತಾರೆ. ಮೂರು ವರ್ಷದವರಲ್ಲಿ ಹೆಚ್ಚಿನವರು ಇದರಲ್ಲಿ ಎಡವುತ್ತಾರೆ. ಐದು ವರ್ಷದವರಲ್ಲಿ ಹೆಚ್ಚಿನವರು ಸಲೀಸಾಗಿ ದಾಟುತ್ತಾರೆ. ನಿಯಮ ಗೊತ್ತಿರುವುದು ಬೇರೆ, ಗೊತ್ತಿದ್ದ ನಿಯಮ ಕೈಯನ್ನು ಆಳುವುದು ಬೇರೆ. ಈ ಎರಡರ ನಡುವಿನ ಕಂದಕವನ್ನು ಮಗು ಸುಮಾರು ಮೂರರಿಂದ ಐದರ ನಡುವೆ ದಾಟುತ್ತದೆ.

ಈ ಕಂದಕ ದಾಟಿಸುವ ಶಕ್ತಿಗೆ ಮನೋವಿಜ್ಞಾನಿಗಳು ಇಟ್ಟಿರುವ ಹೆಸರು ‘ಎಕ್ಸಿಕ್ಯುಟಿವ್ ಫಂಕ್ಷನ್’. ಕನ್ನಡದಲ್ಲಿ ಕಾರ್ಯನಿರ್ವಹಣಾ ಸಾಮರ್ಥ್ಯ ಎನ್ನಬಹುದಾದರೂ ಅದು ಸರಕಾರಿ ಕಡತದ ಭಾಷೆಯಂತೆ ಕೇಳಿಸುತ್ತದೆ. ಮನೆಯ ಯಜಮಾನಿಕೆ ಎಂದರೆ ಹೆಚ್ಚು ಹತ್ತಿರವಾದೀತು. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ಈಗ ಬೇಡ ಎಂದು ನೋಡಿಕೊಳ್ಳುವ ಯಜಮಾನಿಕೆ. ಹೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವುದು, ಮೊದಲು ಹೊಳೆದದ್ದನ್ನು ಮಾಡದೆ ತಡೆದುಕೊಳ್ಳುವುದು, ಸಂದರ್ಭ ಬದಲಾದಾಗ ತಾನೂ ಬದಲಾಗುವುದು ಎಂಬ ಮೂರು ಇದರಲ್ಲಿ ಮುಖ್ಯ. ಹಣೆಯ ಹಿಂದಿರುವ ಮಿದುಳಿನ ಮುಂಭಾಗಕ್ಕೂ ಇದಕ್ಕೂ ಹತ್ತಿರದ ಸಂಬಂಧ. ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಹೀಗಾಗಿ ಎಲ್‌ಕೆಜಿ ಮಗುವಿನಲ್ಲಿ ಅದು ಅರೆಬರೆಯಾಗಿದೆ ಎಂದು ದೂರುವುದು, ಮೇ ತಿಂಗಳಲ್ಲಿ ಗದ್ದೆಗೆ ಹೋಗಿ ಪೈರು ಎಲ್ಲಿ ಎಂದು ಕೇಳಿದ ಹಾಗೆ.

ಹಗಲಿಗೆ ರಾತ್ರಿ ಎನ್ನು

ಕಾರ್ಡಿನ ಆಟದಂತಹ ಪರೀಕ್ಷೆಗಳು ಇನ್ನೂ ಹಲವಿವೆ. ಮಗುವಿಗೆ ಸೂರ್ಯನ ಚಿತ್ರ ತೋರಿಸಿ ‘ರಾತ್ರಿ’ ಎನ್ನಬೇಕು, ಚಂದ್ರನ ಚಿತ್ರ ತೋರಿಸಿದರೆ ‘ಹಗಲು’ ಎನ್ನಬೇಕು ಎಂದು ಹೇಳಿಕೊಡುತ್ತಾರೆ. ಹದಿನಾರು ಸಲ ಚಿತ್ರಗಳು ಹಿಂದೆಮುಂದೆಯಾಗಿ ಬರುತ್ತವೆ. ಅಡೆಲ್ ಡೈಮಂಡ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಿದು. ದೊಡ್ಡವರಿಗೆ ನಗು ಬರುತ್ತದೆ. ನಾಲ್ಕರ ಮಗುವಿಗೆ ಬೆವರು. ಮೊದಲಿಗೆ ಚೆನ್ನಾಗಿಯೇ ಹೇಳುತ್ತಿದ್ದ ಮಗು ಬರಬರುತ್ತಾ ಸೂರ್ಯನನ್ನು ಕಂಡರೆ ‘ಹಗಲು’ ಎಂದುಬಿಡುತ್ತದೆ. ಅದೇ ಚಿತ್ರಗಳಿಗೆ ‘ನಾಯಿ’, ‘ಹಂದಿ’ ಎಂದು ಸಂಬಂಧವೇ ಇಲ್ಲದ ಮಾತು ಹೇಳಬೇಕೆಂದರೆ ಅಂಥ ಕಷ್ಟವಿಲ್ಲ. ಅಂದರೆ ಎರಡು ನಿಯಮ ನೆನಪಿಟ್ಟುಕೊಳ್ಳುವುದಷ್ಟೇ ತೊಡಕಲ್ಲ, ನಾಲಿಗೆಯ ತುದಿಗೆ ಬಂದ ಸರಿಯುತ್ತರವನ್ನು ನುಂಗಿಕೊಳ್ಳುವುದು ತೊಡಕು.

ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಮಿದುಳಿಗೆ ಪೆಟ್ಟಾದವರನ್ನು ಪರೀಕ್ಷಿಸುತ್ತಿದ್ದ ಕ್ರಮವೊಂದನ್ನು ಮಕ್ಕಳಿಗೆ ಹೊಂದಿಸಿಕೊಂಡದ್ದೂ ಉಂಟು. ಪರೀಕ್ಷಕರು ಮೇಜಿಗೆ ಒಂದು ಸಲ ಕುಟ್ಟಿದರೆ ಮಗು ಎರಡು ಸಲ ಕುಟ್ಟಬೇಕು, ಎರಡು ಸಲ ಕುಟ್ಟಿದರೆ ಒಂದೇ ಸಲ. ಅಮೆರಿಕದ ಓರೆಗಾನ್‌ನಲ್ಲಿ ಮೇಗನ್ ಮೆಕ್ಲೆಲಂಡ್ ಮತ್ತಿತರರು ಬೆಳೆಸಿದ ಪರೀಕ್ಷೆಗೆ ಮೇಜೂ ಬೇಡ, ಕಾರ್ಡೂ ಬೇಡ. ‘ತಲೆ ಮುಟ್ಟು’ ಎಂದರೆ ಮಗು ಕಾಲ್ಬೆರಳು ಮುಟ್ಟಬೇಕು, ‘ಕಾಲ್ಬೆರಳು ಮುಟ್ಟು’ ಎಂದರೆ ತಲೆ. ಅದು ರೂಢಿಯಾಗುತ್ತಿದ್ದಂತೆ ಭುಜ, ಮೊಣಕಾಲುಗಳೂ ಸೇರಿಕೊಳ್ಳುತ್ತವೆ. ಇದರಲ್ಲಿ ಅಂಕ ಕೊಡುವ ಬಗೆ ಗಮನಿಸುವಂಥದು. ಸರಿಯಾಗಿ ಮಾಡಿದರೆ ಎರಡು, ತಪ್ಪಿದರೆ ಸೊನ್ನೆ. ಕೈ ತಲೆಯತ್ತ ಹೊರಟು, ಅರ್ಧ ದಾರಿಯಲ್ಲಿ ನೆನಪಾಗಿ, ಕೆಳಗಿಳಿದು ಕಾಲ್ಬೆರಳು ಮುಟ್ಟಿದರೆ ಒಂದು. ತನ್ನ ತಪ್ಪನ್ನು ತಾನೇ ಹಿಡಿದ ಮಗುವಿಗೆ ಸಿಗುವ ಆ ಒಂದು ಅಂಕ ನಮ್ಮ ಶಾಲೆಗಳ ಉತ್ತರಪತ್ರಿಕೆಯಲ್ಲಿ ಎಲ್ಲೂ ಕಾಣದು. ಅಲ್ಲಿ ಹೊಡೆದು ಬರೆದದ್ದಕ್ಕೆ ‘ಚೊಕ್ಕಟವಾಗಿ ಬರೆಯಿರಿ’ ಎಂಬ ಷರಾ.

ಕರ್ನಾಟಕದ ಶಾಲಾ ಅಂಗಳಗಳಲ್ಲಿ ಆಡಿದವರಿಗೆ ಇದೆಲ್ಲ ಹೊಸದೆನಿಸಲಾರದು. ನೆಲದ ಮೇಲೊಂದು ಗೆರೆ. ಈಚೆ ದಡ, ಆಚೆ ಕೆರೆ. ಮೇಷ್ಟ್ರು ‘ಕೆರೆ’ ಎಂದರೆ ಹಾರಬೇಕು, ‘ದಡ’ ಎಂದರೆ ಹಿಂದಕ್ಕೆ. ‘ಕೆರೆ, ದಡ, ಕೆರೆ, ದಡ’ ಎಂದು ಲಯ ಹಿಡಿಸಿ, ಥಟ್ಟನೆ ‘ದಡ, ದಡ’ ಎಂದಾಗ ಅರ್ಧ ತರಗತಿ ನೀರಿಗೆ ಬಿದ್ದಿರುತ್ತದೆ. ಓರೆಗಾನ್‌ನ ಪರೀಕ್ಷೆ ಅಳೆಯುವುದೂ ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಅದಕ್ಕೆ ಅಂಕಪಟ್ಟಿ ಇದೆ, ವಯಸ್ಸಿಗೆ ತಕ್ಕ ಸರಾಸರಿ ಇದೆ, ಪ್ರತಿ ಮಗುವಿಗೂ ಒಂದೇ ಮಾತಿನಲ್ಲಿ ನಿಯಮ ಹೇಳಬೇಕೆಂಬ ಕಟ್ಟುಪಾಡು ಇದೆ. ಆಟಕ್ಕೂ ಅಳತೆಗೂ ಇರುವ ವ್ಯತ್ಯಾಸ ಅಷ್ಟು.

ಎರಡನೆಯ ಮಿಠಾಯಿ

ಮೂರು-ನಾಲ್ಕರ ಮಕ್ಕಳನ್ನು ಹೀಗೆ ಅಳೆಯುವ ಹಂಬಲ ಏಕೆ ಹುಟ್ಟಿತು? ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಬೆನ್ನುಬಿಡದೆ ನೋಡಿದರು. ಚಿಕ್ಕಂದಿನಲ್ಲಿ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಂಡವರು ಮೂವತ್ತೆರಡರ ವಯಸ್ಸಿಗೆ ಒಟ್ಟಾರೆ ಹೆಚ್ಚು ಆರೋಗ್ಯವಾಗಿದ್ದರು, ಹಣಕಾಸಿನಲ್ಲಿ ಗಟ್ಟಿಯಾಗಿದ್ದರು, ಅಪರಾಧಗಳಲ್ಲಿ ಸಿಕ್ಕಿಬಿದ್ದದ್ದು ಕಡಿಮೆ ಎಂದು 2011ರಲ್ಲಿ ಟೆರಿ ಮೊಫಿಟ್ ಮತ್ತು ಸಂಗಡಿಗರು ಪ್ರಕಟಿಸಿದರು. ಬುದ್ಧಿಮಟ್ಟವನ್ನೂ ಮನೆಯ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದು ನಿಂತಿತು. ಸುದ್ದಿ ಹಬ್ಬಿತು. ಒಂದು ಸಂಗತಿ ಮಾತ್ರ ಹಬ್ಬಲಿಲ್ಲ: ಡ್ಯುನೆಡಿನ್‌ನಲ್ಲಿ ಯಾರೂ ಒಂದು ಬೆಳಿಗ್ಗೆ ಹತ್ತು ನಿಮಿಷ ಕೂರಿಸಿ ಮಕ್ಕಳನ್ನು ಅಳೆಯಲಿಲ್ಲ. ಮೂರರಿಂದ ಹನ್ನೊಂದು ವರ್ಷದವರೆಗೆ ಹಲವು ಸಲ, ಪರೀಕ್ಷಕರು, ಉಪಾಧ್ಯಾಯರು, ತಂದೆತಾಯಿ ಎಲ್ಲರ ಅಭಿಪ್ರಾಯವನ್ನೂ ಕೂಡಿಸಿ ಒಂದು ಅಳತೆ ಮಾಡಿದ್ದರು.

ಇನ್ನೂ ಹೆಚ್ಚು ಹೆಸರಾದದ್ದು ಮಾರ್ಷ್‌ಮೆಲೋ ಪರೀಕ್ಷೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ಶಿಶುವಿಹಾರದಲ್ಲಿ 1960ರ ದಶಕದ ಕೊನೆಗೆ ವಾಲ್ಟರ್ ಮಿಷೆಲ್ ಇದನ್ನು ನಡೆಸಿದರು. ಮಗುವಿನ ಮುಂದೆ ಒಂದು ಮಿಠಾಯಿ. ‘ನಾನು ಬರುವತನಕ ಕಾದರೆ ಎರಡು ಸಿಗುತ್ತದೆ, ಕಾಯಲಾಗದಿದ್ದರೆ ಗಂಟೆ ಬಾರಿಸು, ಇದೊಂದೇ ಸಿಗುತ್ತದೆ’ ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಕೆಲವರು ಕಣ್ಣು ಮುಚ್ಚಿಕೊಂಡರು, ಕೆಲವರು ಹಾಡಿಕೊಂಡರು, ಕೆಲವರು ಗೋಡೆಯತ್ತ ತಿರುಗಿ ಕುಳಿತರು. ಮಿಷೆಲ್ ಅವರ ಕುತೂಹಲ ಇದ್ದದ್ದೇ ಆ ಉಪಾಯಗಳಲ್ಲಿ. ಅವರ ಮೂವರು ಹೆಣ್ಣುಮಕ್ಕಳೂ ಅದೇ ಶಿಶುವಿಹಾರದಲ್ಲಿ ಓದಿದವರು. ಊಟದ ಹೊತ್ತಿಗೆ ಹಳೆಯ ಗೆಳೆಯರ ವಿಷಯ ವಿಚಾರಿಸುತ್ತಿದ್ದಾಗ, ಅಂದು ಕಾದವರು ಓದಿನಲ್ಲೂ ಮುಂದಿದ್ದಾರೆ ಎಂಬ ಗುಮಾನಿ ಅವರಿಗೆ ಬಂತು. 1990ರಲ್ಲಿ ಪ್ರಕಟವಾದ ಅಧ್ಯಯನ ಆ ಗುಮಾನಿಗೆ ಅಂಕಿಗಳನ್ನು ಒದಗಿಸಿತು. ಆದರೆ ಮಕ್ಕಳ ಸಂಖ್ಯೆ ತೀರ ಕಡಿಮೆ. ಅವರೆಲ್ಲ ಒಂದೇ ವಿಶ್ವವಿದ್ಯಾಲಯದ ಸುತ್ತಮುತ್ತಲವರು. ಎಚ್ಚರಿಕೆಯಿಂದ ಓದಬೇಕೆಂದು ಲೇಖಕರೇ ಹೇಳಿದ್ದರೂ ಕೇಳುವವರು ಬೇಕಲ್ಲ.

2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು ಒಂಬೈನೂರಕ್ಕೂ ಹೆಚ್ಚು ಮಕ್ಕಳ ದಾಖಲೆಯನ್ನು ತೆಗೆದು ನೋಡಿದರು. ಕಾಯುವಿಕೆಗೂ ಹದಿನೈದರ ವಯಸ್ಸಿನ ಓದಿಗೂ ಸಂಬಂಧವಿತ್ತು. ಆದರೆ ಹಿಂದೆ ಹೇಳಿದ್ದರ ಅರ್ಧದಷ್ಟು. ಮನೆಯ ಹಿನ್ನೆಲೆ, ಮಗುವಿನ ಆರಂಭದ ಕಲಿಕೆ ಇವನ್ನು ಲೆಕ್ಕಕ್ಕೆ ಸೇರಿಸಿದಾಗ ಅದರಲ್ಲೂ ಮೂರನೆಯ ಎರಡು ಭಾಗ ಕರಗಿಹೋಯಿತು.

ಅದಕ್ಕಿಂತ ಮುಂಚೆ, 2013ರಲ್ಲಿ, ರಾಚೆಸ್ಟರ್‌ನಲ್ಲಿ ಸೆಲೆಸ್ಟ್ ಕಿಡ್ ಮಾಡಿದ ಪುಟ್ಟ ಪ್ರಯೋಗ ಇನ್ನೂ ಮಾರ್ಮಿಕವಾದದ್ದು. ಇಪ್ಪತ್ತೆಂಟು ಮಕ್ಕಳು. ಮಿಠಾಯಿಗೆ ಮುಂಚೆ ಅವರಿಗೆ ಚಿತ್ರ ಬರೆಯಲು ಹಳೆಯ ಬಣ್ಣದ ಕಡ್ಡಿ ಕೊಟ್ಟು, ‘ಇರು, ಒಳ್ಳೆಯದನ್ನು ತರುತ್ತೇನೆ’ ಎಂದರು. ಅರ್ಧ ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು. ಉಳಿದರ್ಧಕ್ಕೆ ‘ಅಯ್ಯೋ, ಇಲ್ಲವಲ್ಲ’ ಎಂದು ಬರಿಗೈಯಲ್ಲಿ ಮರಳಿದರು. ಆಮೇಲೆ ಮಿಠಾಯಿ. ಮಾತು ಉಳಿಸಿಕೊಂಡವರನ್ನು ನಂಬಿ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡಿದ್ದ ಮಕ್ಕಳು ಮೂರು ನಿಮಿಷಕ್ಕೆ ಬಾಯಿಗೆ ಹಾಕಿಕೊಂಡರು. ‘ಜಾತ್ರೆಯಲ್ಲಿ ಕೊಡಿಸ್ತೀನಿ’, ‘ಸಂಜೆ ಬರುವಾಗ ತರ್ತೀನಿ’ ಎಂದು ದಿನಕ್ಕೆ ಹತ್ತು ಸಲ ಹೇಳಿ ಮರೆಯುವ ಮನೆಯ ಮಗು ಕೈಗೆ ಸಿಕ್ಕಿದ್ದನ್ನು ತಕ್ಷಣ ತಿಂದರೆ ಅದಕ್ಕೆ ತಾಳ್ಮೆಯಿಲ್ಲ ಎನ್ನಬೇಕೋ, ಲೋಕಜ್ಞಾನವಿದೆ ಎನ್ನಬೇಕೋ?

ಕಾಯುವುದಕ್ಕೂ ಮನೆಯ ರೂಢಿಗೂ ನಂಟಿದೆ ಎನ್ನಲು ಇನ್ನೊಂದು ಸಾಕ್ಷಿ ಕ್ಯಾಮರೂನಿನಿಂದ ಬಂತು. ಅಲ್ಲಿನ ಎನ್ಸೊ ಎಂಬ ರೈತ ಸಮುದಾಯದ ನಾಲ್ಕು ವರ್ಷದ ಮಕ್ಕಳನ್ನೂ ಜರ್ಮನಿಯ ನಗರದ ಮಕ್ಕಳನ್ನೂ ಇದೇ ಪರೀಕ್ಷೆಗೆ ಕೂರಿಸಿದಾಗ, ಎನ್ಸೊ ಮಕ್ಕಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಕೊನೆಯವರೆಗೂ ಕಾದರು. ಜರ್ಮನಿಯ ಮಕ್ಕಳಲ್ಲಿ ಮೂವತ್ತಕ್ಕೂ ಕಡಿಮೆ. ಈ ಅಧ್ಯಯನ ಪ್ರಕಟವಾದದ್ದೂ 2018ರ ಹೊತ್ತಿಗೇ.

ಪ್ರವೇಶದ ಕೊಠಡಿಯಲ್ಲಿ

ಇಷ್ಟೆಲ್ಲ ಇಲ್ಲಿ ಪ್ರಸ್ತುತವಾಗುವುದು ಪ್ರತಿವರ್ಷ ನರ್ಸರಿ, ಎಲ್‌ಕೆಜಿ ಸೀಟುಗಳ ಕಾಲ ಬಂದಾಗ. ‘ಸುಮ್ಮನೆ ಮಗುವನ್ನು ಮಾತಾಡಿಸುತ್ತೇವೆ’ ಎನ್ನುವ ಶಾಲೆಗಳುಂಟು. ಮಗುವಿನ ಗಮನ, ಸಂಯಮ, ಹೊಂದಾಣಿಕೆಗಳಿಗೆ ಬೇರೆಬೇರೆ ಅಂಕ ಹಾಕಿ ಬಣ್ಣದ ವರದಿ ಕೊಡುವ ಕೇಂದ್ರಗಳೂ ಉಂಟು. ತಂದೆತಾಯಿ ಆ ಹಾಳೆಯನ್ನು ಜಾತಕದಂತೆ ಮಡಿಸಿ ಮನೆಗೆ ತರುತ್ತಾರೆ.

ಆ ಬೇರೆಬೇರೆ ಅಂಕಗಳ ಬಗೆಗೇ ಮೊದಲ ತಕರಾರು. ಮೇಲೆ ಹೇಳಿದ ಮೂರು ಶಕ್ತಿಗಳು ಸಂಬಂಧವಿದ್ದೂ ಬೇರೆಬೇರೆ ಎಂದು 2000ದಲ್ಲಿ ಅಕಿರಾ ಮಿಯಾಕೆ ಮತ್ತಿತರರು ತೋರಿಸಿದ್ದು ಕಾಲೇಜು ವಿದ್ಯಾರ್ಥಿಗಳಲ್ಲಿ. ಶಾಲೆಗೆ ಸೇರುವ ಮುಂಚಿನ ಮಕ್ಕಳಲ್ಲಿ ಅವು ಇನ್ನೂ ಬಿಡಿಸಲಾಗದಂತೆ ಒಂದರಲ್ಲೊಂದು ಕೂಡಿಕೊಂಡಿರುತ್ತವೆ ಎಂಬುದನ್ನು 2008ರಲ್ಲಿ ಸಾಂಡ್ರಾ ವೀಬೆ ಮತ್ತು ಜೊತೆಗಾರರು ಕಂಡರು. ಹಾಲು ಇನ್ನೂ ಹೆಪ್ಪುಗಟ್ಟುವ ಮುಂಚೆಯೇ ಬೆಣ್ಣೆ ಇಷ್ಟು, ಮಜ್ಜಿಗೆ ಇಷ್ಟು ಎಂದು ತೂಗಿ ಬರೆದ ವರದಿಯನ್ನು ಎಷ್ಟು ನಂಬಬೇಕು?

ಮಗುವನ್ನು ಕೂರಿಸಿ ಮಾಡುವ ಪರೀಕ್ಷೆಗೂ, ತಂದೆತಾಯಿ ಅಥವಾ ಟೀಚರಿಂದ ತುಂಬಿಸಿಕೊಳ್ಳುವ ಪ್ರಶ್ನಾವಳಿಗೂ ಉತ್ತರ ತಾಳೆಯಾಗುವುದು ಕಡಿಮೆ ಎನ್ನುವುದು ಇನ್ನೊಂದು ಸಂಗತಿ. ಎರಡರಲ್ಲಿ ಒಂದು ಸುಳ್ಳೆಂದಲ್ಲ. ಶಾಂತವಾದ ಕೊಠಡಿಯಲ್ಲಿ ಒಬ್ಬರ ಎದುರು ಐದು ನಿಮಿಷ ಮಾಡುವುದು ಬೇರೆ. ಮದುವೆ ಮನೆಯಲ್ಲಿ ಹಸಿದು, ನಿದ್ದೆಗಣ್ಣಿನಲ್ಲಿ ಊಟದ ಪಂಕ್ತಿಗೆ ಕಾಯುವುದು ಬೇರೆ. ಡಿ.ಎಡ್., ಬಿ.ಎಡ್. ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಮುಂದೆ ಪ್ರಶ್ನಾವಳಿ ತುಂಬಬೇಕಾದವರು ಅವರೇ.

ಭಾಷೆಯ ಮಾತು ಹೇಳಲೇಬೇಕು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಉರ್ದುವನ್ನೋ ಆಡುವ ಮಗುವಿಗೆ ಇಂಗ್ಲಿಷಿನಲ್ಲಿ ‘ಈಗ ಬಣ್ಣ ಬಿಟ್ಟು ಆಕಾರ ನೋಡು’ ಎಂದರೆ ಅಲ್ಲಿ ಅಳೆದಂತಾಗುವುದು ಅದರ ಇಂಗ್ಲಿಷನ್ನು. ಹೊಸ ಮುಖ ಕಂಡು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಮಗುವಿನಲ್ಲಿ ಅಳೆಯುವುದು ಸಂಕೋಚವನ್ನು. ಮತ್ತೆ, ಈ ವಯಸ್ಸಿನಲ್ಲಿ ಆರು ತಿಂಗಳೆಂದರೆ ದೊಡ್ಡ ಅಂತರ. ಮೂರೂವರೆಯ ಮಗುವನ್ನೂ ನಾಲ್ಕು ತುಂಬಿದ ಮಗುವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹೋಲಿಸಿದರೆ ಗೆಲ್ಲುವುದು ಹುಟ್ಟಿದ ತಾರೀಖು.

ಶಾಲಾ ಪ್ರವೇಶಕ್ಕೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಆರಿಸಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಸೆಕ್ಷನ್ ಹೇಳುತ್ತದೆ. ಮೊದಲ ಸಲ ತಪ್ಪಿದರೆ 25,000 ರೂಪಾಯಿವರೆಗೆ, ಮತ್ತೆ ತಪ್ಪಿದ ಪ್ರತಿಸಲಕ್ಕೂ 50,000 ರೂಪಾಯಿವರೆಗೆ ದಂಡ. ಆ ಕಾಯ್ದೆ ಮುಖ್ಯವಾಗಿ 6ರಿಂದ 14ರ ವಯಸ್ಸಿನವರನ್ನು ಕುರಿತದ್ದು ನಿಜ. ಅದಕ್ಕೂ ಕೆಳಗಿನವರ ಬಗ್ಗೆ, 2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇನ್ನೂ ಖಡಾಖಂಡಿತವಾಗಿ ಮಾತಾಡಿದೆ: ಈ ಹಂತಕ್ಕೆ ಪರೀಕ್ಷೆಗಳು ಸಲ್ಲವೇ ಸಲ್ಲ, ಮಗುವನ್ನು ನೋಡಿ, ಅದು ಮಾಡಿದ್ದನ್ನು ನೋಡಿ ತಿಳಿಯಬೇಕು.

ಹಾಗೆಂದು ಈ ಅಳತೆಗಳೆಲ್ಲ ದಂಡ ಎನ್ನುವಂತಿಲ್ಲ. ಒಂದು ಶಿಶುವಿಹಾರದ ಪದ್ಧತಿ ಇನ್ನೊಂದಕ್ಕಿಂತ ಮೇಲೇ ಎಂದು ನೂರಾರು ಮಕ್ಕಳ ಸರಾಸರಿ ತೆಗೆದು ನೋಡಲು ಇವು ಬೇಕು. ಅವಧಿಗೆ ಮುಂಚೆ ಹುಟ್ಟಿದ, ಅಪಸ್ಮಾರ ಬರುವ, ತಲೆಗೆ ಪೆಟ್ಟಾದ ಮಗುವಿನ ವಿಷಯದಲ್ಲಿ ತಜ್ಞರಿಗೆ ಇವು ದಾರಿ ತೋರಿಸುತ್ತವೆ. ಬೇರೆ ಮಕ್ಕಳು ದಾಟಿದ ಹಂತವನ್ನು ಒಂದು ಮಗು ಮನೆಯಲ್ಲೂ ಅಂಗನವಾಡಿಯಲ್ಲೂ ಎಷ್ಟೋ ತಿಂಗಳು ದಾಟದಿದ್ದರೆ, ಹೇಳಿದ ಮಾತೇ ತಲುಪುತ್ತಿಲ್ಲವೆನ್ನಿಸಿದರೆ, ‘ದೊಡ್ಡವನಾದರೆ ಸರಿಹೋಗುತ್ತೆ’ ಎಂದು ಕೂರುವುದೂ ತಪ್ಪು. ಮೊದಲು ಕಿವಿ, ಕಣ್ಣು ನೋಡಿಸಬೇಕು. ಅರ್ಧ ಕೇಳಿಸಿಕೊಂಡ ಮಗು ಹೇಳಿದ ಮಾತು ಕೇಳದ ಮಗುವಿನಂತೆಯೇ ಕಾಣುತ್ತದೆ. ಬೈಗುಳ ತಿನ್ನುವುದೂ ಅಷ್ಟೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥದಕ್ಕೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೇ ತಪಾಸಣೆಗೆ ಬರುವ ತಂಡಗಳಿವೆ. ಬೆಳವಣಿಗೆಯ ತೊಡಕು ಕಂಡ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಗಳಿಗೆ ಕಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ಅತಿಚಟುವಟಿಕೆಯ ಹಣೆಪಟ್ಟಿಯನ್ನು ಮಾತ್ರ ಮೂರು ವರ್ಷದ ಮಗುವಿಗೆ ಅಂಟಿಸಲು ಹೊರಟವರ ಬಗ್ಗೆ ಎಚ್ಚರವಿರಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸೂಚನೆಗಳೂ ನಾಲ್ಕು ವರ್ಷದ ಮೇಲಷ್ಟೇ ಶುರುವಾಗುತ್ತವೆ.

ಸ್ವಲ್ಪ ತಡೆದು, ಸ್ವಲ್ಪ ಹೆಸರಿಸಿ

ಪರೀಕ್ಷೆ ಮಾಡುವವರು ಅಚಾತುರ್ಯವೆಂಬಂತೆ ಕಂಡುಕೊಂಡ ಒಂದೆರಡು ಸಂಗತಿಗಳು ಮನೆಯವರಿಗೆ ಅಂಕಗಳಿಗಿಂತ ಉಪಯುಕ್ತ. ಕಾರ್ಡಿನ ಆಟದಲ್ಲಿ ‘ಇದು ಮೊಲ’ ಎಂದು ಪರೀಕ್ಷಕರು ಹೇಳುವ ಬದಲು ‘ಇದೇನು?’ ಎಂದು ಕೇಳಿ, ಮಗುವಿನ ಬಾಯಿಂದಲೇ ‘ಮೊಲ’ ಎನ್ನಿಸಿದಾಗ, ಎಷ್ಟೋ ಮೂರು ವರ್ಷದ ಮಕ್ಕಳು ಸರಿಯಾದ ಡಬ್ಬಕ್ಕೆ ಹಾಕಿದವು. ಕಿರ್ಕಂ, ಡೈಮಂಡ್ ಮತ್ತಿತರರು ಇದನ್ನು 2003ರಲ್ಲಿ ವರದಿ ಮಾಡಿದರು. ಹಗಲು-ರಾತ್ರಿಯ ಆಟದಲ್ಲಿ ಚಿತ್ರ ತೋರಿಸಿದ ಕೂಡಲೇ ಉತ್ತರ ಕೇಳದೆ, ಪರೀಕ್ಷಕರು ಒಂದು ಸಣ್ಣ ಹಾಡಿನ ಸೊಲ್ಲು ಗುನುಗಿ ಮುಗಿಸುವತನಕ ಕಾಯಿಸಿದಾಗ ತಪ್ಪುಗಳು ಇಳಿದವು. ‘ಬೇಗ ಹೇಳು, ಬೇಗ!’ ಎನ್ನುವ ಮನೆಗಳಲ್ಲಿ ಆ ಎರಡು ಗಳಿಗೆಯೇ ಸಿಗುವುದಿಲ್ಲ.

ಆಟದ ಬಲ ಇನ್ನೂ ಹಳೆಯದು. ಸೋವಿಯತ್ ರಷ್ಯಾದಲ್ಲಿ ಮಾನುಯ್ಲೆಂಕೊ ಎಂಬವರು 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳನ್ನು ಅಲುಗಾಡದೆ ನಿಲ್ಲಲು ಹೇಳಿದರು. ಸುಮ್ಮನೆ ನಿಲ್ಲು ಎಂದಾಗ ನಿಂತದ್ದಕ್ಕಿಂತ, ‘ನೀನು ಕಾವಲುಗಾರ’ ಎಂದಾಗ ಬಹಳ ಹೆಚ್ಚು ಹೊತ್ತು ನಿಂತರು. ಅಂಗಡಿ ಆಟ, ಡಾಕ್ಟರ ಆಟ, ಬಸ್ಸಿನ ಆಟಗಳಲ್ಲೂ ಇದೇ. ಕಂಡಕ್ಟರ್ ಆದ ಮಗು ಡ್ರೈವರ್ ಸೀಟಿಗೆ ಹಾರುವ ಆಸೆಯನ್ನು ಹಿಡಿದುಕೊಂಡೇ ಇರಬೇಕು, ಇಲ್ಲದಿದ್ದರೆ ಬಸ್ಸು ನಿಲ್ಲುತ್ತದೆ.

ರಷ್ಯಾದ ವಿಗೋಟ್‌ಸ್ಕಿಯವರ ಇಂಥ ವಿಚಾರಗಳನ್ನಿಟ್ಟುಕೊಂಡು ಎಲೆನಾ ಬೊದ್ರೋವಾ ಮತ್ತು ಡೆಬೊರಾ ಲಿಯಾಂಗ್ ಅಮೆರಿಕದಲ್ಲಿ ‘ಟೂಲ್ಸ್ ಆಫ್ ದ ಮೈಂಡ್’ ಎಂಬ ಶಿಶುಶಿಕ್ಷಣ ಕ್ರಮವನ್ನು ಕಟ್ಟಿದರು. ಅದರಿಂದ ಕಾರ್ಯನಿರ್ವಹಣಾ ಸಾಮರ್ಥ್ಯ ಬೆಳೆಯಿತೆಂದು 2007ರಲ್ಲಿ ಡೈಮಂಡ್ ತಂಡ ವರದಿ ಮಾಡಿತು. ಆಮೇಲಿನ ಅಧ್ಯಯನಗಳಲ್ಲಿ ಕೆಲವು ಒಪ್ಪಿದವು, ಕೆಲವು ಅಂಥ ಲಾಭ ಕಾಣಲಿಲ್ಲ ಎಂದವು. ಫಲಿತಾಂಶ ಏನೇ ಇರಲಿ, ಅಲ್ಲಿನ ಒಂದು ಉಪಾಯಕ್ಕೆ ಖರ್ಚೇ ಇಲ್ಲ. ಇಬ್ಬರು ಮಕ್ಕಳು ಚಿತ್ರಪುಸ್ತಕ ಹಿಡಿದು ಒಬ್ಬರಿಗೊಬ್ಬರು ಕತೆ ಹೇಳಬೇಕು. ಇಬ್ಬರಿಗೂ ತಾನೇ ಹೇಳಬೇಕೆಂಬ ಆತುರ. ಆಗ ಟೀಚರ್ ಒಬ್ಬರ ಕೈಗೆ ತುಟಿಯ ಚಿತ್ರ, ಇನ್ನೊಬ್ಬರ ಕೈಗೆ ಕಿವಿಯ ಚಿತ್ರ ಕೊಡುತ್ತಾರೆ. ಕಿವಿ ಮಾತಾಡುವುದಿಲ್ಲ, ಕೇಳುತ್ತದೆ ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ಚಿತ್ರ ಅದಲುಬದಲು. ಕೆಲವು ತಿಂಗಳು ಕಳೆದ ಮೇಲೆ ಆ ಕಿವಿಯ ಚಿತ್ರ ಬೇಕಾಗುವುದಿಲ್ಲ. ಮಗು ಅದಿಲ್ಲದೆಯೇ ತನ್ನ ಸರದಿಗೆ ಕಾಯುತ್ತದೆ.